ಗೋಡೆಯಾಚೆಗೆ ಎಸೆದ ಜೇಕು

ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು ನಾನು. ಹನ್ನೆರಡರಲ್ಲಿ ಐದು ಕಳೆದರೆ ಏಳು. "ಆ ಕಳೆದ ಐದು ಎಲ್ಲಿಗೆ ಹೋಯ್ತು ಸಾರ್?" ಎಂದು ಒಮ್ಮೆ ಒಬ್ಬ ಹುಡುಗ ಎದ್ದು ನಿಂತು ಕೇಳಿದ್ದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು ಅವನನ್ನು ಕೂರಿಸಿದೆ. ನಿವೃತ್ತನಾಗಿ, ಹಾಸನದ ಹೊರವಲಯದ ನಮ್ಮ ಮನೆಯ ಹಿತ್ತಲಲ್ಲಿ ಕಳೆ ಕೀಳಲು ಕುಳಿತ ಮೇಲೆ ಆ ಹುಡುಗನ ಪ್ರಶ್ನೆ ಎಷ್ಟು ದೊಡ್ಡದಾಗಿತ್ತೆಂದು ತಿಳಿಯಿತು.

ನಮ್ಮ ಹಿತ್ತಲು ದೊಡ್ಡದೇನಲ್ಲ. ಎರಡು ತೆಂಗು, ಒಂದು ನುಗ್ಗೆ, ಒಂದು ಕರಿಬೇವು. ಉಳಿದ ಜಾಗದಲ್ಲಿ ನಾಲ್ಕಾರು ಪಾತಿ ಸೊಪ್ಪು, ತರಕಾರಿ. ಆ ಪಾತಿಗಳನ್ನು ಆಕ್ರಮಿಸಿಕೊಂಡದ್ದು ಜೇಕು. ಇದನ್ನು ಕೊನ್ನಾರಿ ಎನ್ನುವವರೂ ಇದ್ದಾರೆ, ತುಂಗೆಗಡ್ಡೆ ಎನ್ನುವವರೂ ಇದ್ದಾರೆ. ಮೇಲಿನಿಂದ ನೋಡಿದರೆ ಹೊಳೆಯುವ ಹಸಿರು ಹುಲ್ಲು. ಹೂವಿನ ದಂಟನ್ನು ಬೆರಳಲ್ಲಿ ಹೊರಳಿಸಿದರೆ ಮೂರು ಮೂಲೆ ತಗಲುತ್ತದೆ. ಅಗೆದು ನೋಡಿದರೆ ಕಪ್ಪು ಗಡ್ಡೆಗಳು, ದಾರದಂಥ ಬೇರಿನಲ್ಲಿ ಒಂದಕ್ಕೊಂದು ಪೋಣಿಸಿದ ಮಣಿಸರದ ಹಾಗೆ. ಸರ ಇಡಿಯಾಗಿರುವವರೆಗೆ ಅದರ ಎಷ್ಟೋ ಗಡ್ಡೆಗಳು ಮಣ್ಣಿನಲ್ಲಿ ಸುಮ್ಮನೆ ಮಲಗಿರುತ್ತವೆ. ನಾವು ಎಳೆದು ಸರ ತುಂಡು ಮಾಡಿದೊಡನೆ ಮಲಗಿದ್ದವು ಎದ್ದು ಚಿಗುರುತ್ತವೆ. ಅರ್ಧ ಕಿತ್ತವನಿಗೆ ಅದು ಇಮ್ಮಡಿಯಾಗಿ ಎದುರಾಗುತ್ತದೆ. ಜಗತ್ತಿನ ಅತಿ ಕೆಟ್ಟ ಕಳೆಗಳನ್ನು ಕುರಿತು 1977ರಲ್ಲಿ ಪ್ರಕಟವಾದ ಪ್ರಸಿದ್ಧ ಗ್ರಂಥವೊಂದು ಮೊದಲ ಸ್ಥಾನವನ್ನು ಕೊಟ್ಟದ್ದು ಈ ಜೇಕಿಗೇ.

ಕಿತ್ತದ್ದನ್ನು ನಾನು ಏನು ಮಾಡುತ್ತಿದ್ದೆ? ಬುಟ್ಟಿ ತುಂಬಿದೊಡನೆ ಹಿತ್ತಲ ಗೋಡೆಯ ಆಚೆಗೆ ಸುರಿಯುತ್ತಿದ್ದೆ. ಆಚೆಗಿದ್ದದ್ದು ಖಾಲಿ ಸೈಟು. ಯಾರದೋ ಏನೋ, ಯಾರೂ ಕೇಳುವವರಿಲ್ಲ. ನಾಲ್ಕು ಮಳೆಗಾಲ ಹೀಗೆ ಸುರಿದೆ. ಗೋಡೆಯ ಈಚೆ ನಿಂತು ನೋಡಿದರೆ ಪಾತಿ ಸ್ವಚ್ಛ, ಮನಸ್ಸೂ ಸ್ವಚ್ಛ. ಹನ್ನೆರಡರಲ್ಲಿ ಐದು ಕಳೆದಿತ್ತು. ಆ ಐದು ಎಲ್ಲಿಗೆ ಹೋಯಿತೆಂದು ನಾನು ಕೇಳಿಕೊಳ್ಳಲಿಲ್ಲ.

ಐದನೆಯ ವರ್ಷ ಆ ಸೈಟಿನಲ್ಲಿ ಒಂದು ಚಿಕ್ಕ ಮನೆ ಎದ್ದಿತು. ಗಾರೆ ಕೆಲಸದ ಮಗ, ಜೊತೆಗೆ ಅವನ ತಾಯಿ. ಆಕೆ ಹರೆಯದಿಂದ ಕೂಲಿಗೆ ಹೊಲದಲ್ಲಿ ದುಡಿದವರು. ತಮ್ಮದೇ ಅಂಗೈಯಗಲ ಮಣ್ಣು ಸಿಕ್ಕಿತಲ್ಲ ಎಂಬ ಹಿಗ್ಗಿನಲ್ಲಿ ಮನೆಯ ಹಿಂದೆ ಪಾತಿ ಮಾಡಿ ಕೊತ್ತಂಬರಿ, ಮೆಂತ್ಯ, ಮೂಲಂಗಿ ಹಾಕಿದರು. ಮನೆಗೆ ಸಾಕಾಗಿ ಮಿಕ್ಕರೆ ಸಂತೆಗೆ ಒಯ್ಯುವ ಲೆಕ್ಕಾಚಾರ. ಒಂದು ಬೆಳಿಗ್ಗೆ ಗೋಡೆಯ ಬಳಿ ಬಂದು ಒಂದು ಮೂಲಂಗಿಯನ್ನು ನನ್ನ ಮುಂದೆ ಹಿಡಿದರು. ಜೇಕಿನ ಚೂಪು ಬೇರು ಅದರ ಈ ಬದಿಯಿಂದ ಆ ಬದಿಗೆ ತೂರಿಕೊಂಡು ಹೋಗಿತ್ತು.

"ಈ ಮಣ್ಣೇ ಸರಿ ಇಲ್ಲ ಮೇಷ್ಟ್ರೇ. ಎಷ್ಟು ಕಿತ್ರೂ ಬತ್ತಾನೇ ಇರ್ತದೆ" ಎಂದರು.

ನಾನು "ಹೌದಮ್ಮ" ಎಂದೆ. ಅಷ್ಟೇ ಎಂದೆ.

ಆ ರಾತ್ರಿ ನನ್ನ ಪರವಾಗಿ ನಾನೇ ಅನೇಕ ವಾದಗಳನ್ನು ಹೂಡಿದೆ. ಜೇಕು ಎಲ್ಲ ಮಣ್ಣಿನಲ್ಲೂ ಇರುತ್ತದೆ, ನಾನು ಹಾಕದಿದ್ದರೂ ಬರುತ್ತಿತ್ತು. ನಾನು ಸುರಿದಾಗ ಆಕೆ ಅಲ್ಲಿರಲೇ ಇಲ್ಲ, ಇಲ್ಲದವರಿಗೆ ಅನ್ಯಾಯ ಮಾಡುವುದು ಹೇಗೆ? ಸೈಟು ಖಾಲಿಯಿತ್ತು. ಈ ಕೊನೆಯ ವಾದದ ಬಳಿ ಬಂದಾಗ ಮಾತು ನಿಂತಿತು. ಖಾಲಿ ಜಾಗ ಎಂದರೇನು? ಮುಂದೆ ಬರಲಿರುವವರ ಜಾಗ ಎಂದು ತಾನೇ ಅರ್ಥ? ಇಂದು ಕಣ್ಣಿಗೆ ಕಾಣದವನು ನಾಳೆ ನಮ್ಮ ನೆರೆಯವನಾಗುತ್ತಾನೆ. ಅವನು ಬರುವ ಮೊದಲೇ ಅವನ ಮೇಲೆ ಭಾರ ಹೊರಿಸಿಬಿಟ್ಟರೆ ಅವನಿಗೆ ದೂರಲು ಹೆಸರೂ ಸಿಗುವುದಿಲ್ಲ. ಮಣ್ಣನ್ನು ಬಯ್ಯುತ್ತಾನೆ, ಇಲ್ಲವೇ ತನ್ನ ಹಣೆಬರಹವನ್ನು. ನನಗೆ ಹೆಚ್ಚು ಚುಚ್ಚಿದ್ದು ಇದೇ. ನನ್ನ ತಪ್ಪಿನ ಹೊರೆಯನ್ನು ಹೊತ್ತವರು ಅದಕ್ಕೆ ಮಣ್ಣನ್ನು ಹೊಣೆ ಮಾಡುತ್ತಿದ್ದರು.

ಗೋಡೆಯಾಚೆ ಎಸೆಯುವುದು ಒಂದು ದಾರಿಯಾದರೆ ಅದಕ್ಕೆ ಅಣ್ಣತಮ್ಮಂದಿರೂ ಇದ್ದಾರೆ. ಒಣಗಿಸಿ ಬೆಂಕಿ ಹಚ್ಚಬಹುದು. ಆಗ ನಮ್ಮ ಕಳೆ ಹೊಗೆಯಾಗಿ ಪಕ್ಕದ ಮನೆಯ ದಮ್ಮಿನ ರೋಗಿಯ ಎದೆಗೆ ಹೋಗುತ್ತದೆ. ಕಳೆನಾಶಕ ಸಿಂಪಡಿಸಬಹುದು. ಗ್ಲೈಫೋಸೇಟ್ ಎಲೆಯಿಂದ ಗಡ್ಡೆಗೆ ಇಳಿಯುತ್ತದೆ ನಿಜ, ಆದರೆ ಎಲೆ ಬಿಡದೆ ಮಲಗಿರುವ ಗಡ್ಡೆಯನ್ನು ಅದು ಮುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಅದನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿತು. ತಜ್ಞರಲ್ಲಿ ಇದರ ಬಗ್ಗೆ ಒಮ್ಮತವಿಲ್ಲ. ಆದರೂ 2022ರಲ್ಲಿ ಕೇಂದ್ರ ಸರ್ಕಾರವೇ ಅದರ ಬಳಕೆಯನ್ನು ನಿರ್ಬಂಧಿಸುವ ಆದೇಶ ಹೊರಡಿಸಿತು. ನಾಲ್ಕು ಪಾತಿ ಸೊಪ್ಪಿಗಾಗಿ ಆ ಅನುಮಾನವನ್ನು ಎರೆಹುಳುವಿಗೂ ಪಕ್ಕದ ಬಾವಿಗೂ ಹಂಚುವುದು ಯಾವ ನ್ಯಾಯ? ಎಸೆಯುವುದು, ಸುಡುವುದು, ಸಿಂಪಡಿಸುವುದು ಮೂರೂ ನೋಡಲು ಬೇರೆ ಬೇರೆ. ಆದರೆ ಮೂರರಲ್ಲೂ ನಮ್ಮದನ್ನು ಇನ್ನೊಬ್ಬರ ಪಾಲಿಗೆ ದಾಟಿಸುವ ಆತುರವಿದೆ.

ಮೂರು ದಿನ ಬಿಟ್ಟು ಆಕೆಯ ಬಾಗಿಲಿಗೆ ಹೋದೆ. "ಅಮ್ಮ, ಮಣ್ಣಿನದೇನೂ ತಪ್ಪಿಲ್ಲ. ನಾಲ್ಕು ವರ್ಷ ಜೇಕು ಕಿತ್ತು ಇಲ್ಲಿ ಸುರಿದವನು ನಾನೇ. ತಪ್ಪಾಯಿತು" ಎಂದೆ. ಆಕೆ ಬಯ್ಯಲಿಲ್ಲ. "ಹೋಗಲಿ ಬಿಡಿ" ಎಂದೂ ಹೇಳಲಿಲ್ಲ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, "ಹಂಗಾದ್ರೆ ಕೀಳಾಕೆ ಬನ್ನಿ" ಎಂದರು.

ಕ್ಷಮೆ ಕೇಳುವುದನ್ನು ನಾವು ಬಹಳ ದೊಡ್ಡ ಗುಣವೆಂದು ಭಾವಿಸುತ್ತೇವೆ. ಅದು ದೊಡ್ಡದೇ. ಆದರೆ ನಾನು ಕ್ಷಮೆ ಕೇಳಿದ್ದರಿಂದ ಒಂದು ಗಡ್ಡೆಯೂ ಸಾಯಲಿಲ್ಲ. ಮಾತಿನಿಂದ ಹಗುರಾದದ್ದು ನನ್ನ ಮನಸ್ಸು, ಆಕೆಯ ಪಾತಿಯಲ್ಲ. ಆಕೆಯ ಆ ಒಂದು ಮಾತು ನನಗೆ ಈ ವ್ಯತ್ಯಾಸವನ್ನು ಕಲಿಸಿತು.

ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಎರಡೂ ಹಿತ್ತಲಲ್ಲಿ ಕೆಲಸ. ಹದಿನೈದು ದಿನಕ್ಕೇ ಏಕೆಂದರೆ, ಹೊಸ ಚಿಗುರು ಹೊಸ ಗಡ್ಡೆ ಕಟ್ಟಲು ಕೆಲವು ವಾರ ಬೇಕು. ಅದಕ್ಕೆ ಮೊದಲೇ ಕಿತ್ತರೆ ತಾಯಿಗಡ್ಡೆ ತನ್ನ ಸಂಗ್ರಹವನ್ನು ಖರ್ಚು ಮಾಡಿ ಮತ್ತೆ ಚಿಗುರಬೇಕಾಗುತ್ತದೆ. ಹೀಗೆ ಮತ್ತೆ ಮತ್ತೆ ಖರ್ಚಾದರೆ ಒಂದು ದಿನ ಅದು ಬರಿದಾಗುತ್ತದೆ. ಗುದ್ದಲಿಯಿಂದ ಕೊಚ್ಚಬಾರದು. ಸಲಾಕೆಯಿಂದ ಮಣ್ಣು ಸಡಿಲಿಸಿ, ಸರವನ್ನು ಆದಷ್ಟು ಇಡಿಯಾಗಿ ಎತ್ತಬೇಕು. ಜೇಕಿಗೆ ನೆರಳಾಗದು. ಆದ್ದರಿಂದ ಪಾತಿಯನ್ನು ಬರಿದಾಗಿ ಬಿಡದೆ ಗೆಣಸು, ಕುಂಬಳದಂಥ ದಟ್ಟವಾಗಿ ಹರಡುವ ಬೆಳೆ ಹಾಕಿದೆವು. ಇದೆಲ್ಲ ಒಂದು ವರ್ಷದಲ್ಲಿ ಮುಗಿಯುವ ಮಾತಲ್ಲ. ಎರಡನೆಯ ವರ್ಷಕ್ಕೆ ಕಡಿಮೆಯಾಯಿತು, ಇಲ್ಲವಾಗಲಿಲ್ಲ.

ಕಿತ್ತದ್ದನ್ನು ಮಾತ್ರ ಈ ಸಲ ಮನೆಯಲ್ಲೇ ಇಟ್ಟುಕೊಂಡೆ. ಇಲ್ಲೊಂದು ಪಾಠವಿದೆ. ಹಸಿ ಜೇಕನ್ನು ನೇರವಾಗಿ ಗೊಬ್ಬರದ ಗುಂಡಿಗೆ ಹಾಕಿದರೆ ಅದು ಗೊಬ್ಬರವಾಗುವುದಿಲ್ಲ, ಗೊಬ್ಬರ ತಿಂದು ಕೊಬ್ಬುತ್ತದೆ. ಗರಿಕೆಯೂ ಹಾಗೆಯೇ, ಅದರ ಒಂದೊಂದು ಗಿಣ್ಣೂ ಒಂದೊಂದು ಗಿಡ. ಗೊಬ್ಬರದ ರಾಶಿ ಒಳಗೆ 55 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಹಲವು ದಿನ ಬಿಸಿಯಾದರೆ ಹೆಚ್ಚಿನ ಬೀಜ, ಬೇರು ಸಾಯುತ್ತವೆ. ಅಷ್ಟು ಬಿಸಿಯಾಗಲು ರಾಶಿ ಉದ್ದ, ಅಗಲ, ಎತ್ತರ ಒಂದೊಂದು ಮೀಟರಾದರೂ ಇರಬೇಕು, ಹೊರಗಿನದನ್ನು ಒಳಕ್ಕೆ ತಿರುವಿ ಹಾಕುತ್ತಿರಬೇಕು. ನಮ್ಮಂಥವರ ಮನೆಯ ಪುಟ್ಟ ತಿಪ್ಪೆಗೆ ಆ ಕಾವು ಬರುವುದಿಲ್ಲ. ಹಾಗಾಗಿ ಮೊದಲು ಬಿಸಿಲು. ಬೇಸಿಗೆಯಲ್ಲಿ ತಾರಸಿಯ ಮೇಲೆ ತೆಳ್ಳಗೆ ಹರಡಿ, ಗಡ್ಡೆ ಒಳಗಿನವರೆಗೂ ಒಣಗಿ ಗಟ್ಟಿಯಾಗುವಷ್ಟು ವಾರ ಬಿಟ್ಟೆ. ಮಳೆಗಾಲದಲ್ಲಿ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಿಗಿಯಾಗಿ ಕಟ್ಟಿ ಬೇಸಿಗೆಯವರೆಗೆ ಮೂಲೆಯಲ್ಲಿಟ್ಟೆ. ನಿಜವಾಗಿ ಸತ್ತ ಮೇಲೆ ಸಗಣಿ, ತರಗೆಲೆಯ ಜೊತೆ ಪದರ ಪದರವಾಗಿ ಗುಂಡಿಗೆ ಹಾಕಿದೆ.

ನನಗೆ ಕಂಡ ಮಟ್ಟಿಗೆ, ಕಳೆಯಿಂದ ಗೊಬ್ಬರ ಮಾಡುವುದು ಒಂದು ನೈತಿಕ ಕೆಲಸ. ಅದರಲ್ಲಿ 'ಆಚೆ' ಎಂಬುದೇ ಇಲ್ಲ. ಕಿತ್ತವನೇ ಕೊನೆಯವರೆಗೂ ಅದರ ಜೊತೆ ಇರಬೇಕು. ಅದು ಕಪ್ಪು ಮಣ್ಣಾಗಿ ಯಾರಿಗೂ ಕೇಡು ಮಾಡಲಾರದಂತಾಗುವವರೆಗೆ ಅವನ ಹೊಣೆ ಮುಗಿಯುವುದಿಲ್ಲ. ಆತುರಪಟ್ಟರೆ ಜೀವಂತ ಗಡ್ಡೆಯನ್ನೇ ಗೊಬ್ಬರವೆಂದು ಹಂಚುತ್ತಾನೆ. ನಾವು ಮನೆಗಳಲ್ಲಿ ಮಾಡಿಕೊಳ್ಳುವ ಎಷ್ಟೋ ರಾಜಿಗಳು ಹೀಗೆ ಅರೆಬೆಂದ ಗೊಬ್ಬರವೇ. ಮೇಲೆ ಮಣ್ಣು ಮುಚ್ಚಿರುತ್ತೇವೆ, ಮೊದಲ ಮಳೆಗೆ ಹಳೆಯ ಜಗಳ ಚಿಗುರುತ್ತದೆ.

ಕೆಲವರು ಕೇಳಬಹುದು: ಜೇಕಿಗೂ ಬದುಕುವ ಹಕ್ಕಿಲ್ಲವೇ? ಇದೆ. ಆಯುರ್ವೇದದವರು ಅದನ್ನೇ ಮುಸ್ತಾ ಎಂದು ಕರೆದು ಹೊಟ್ಟೆಯ ಕಾಯಿಲೆಗೆ ಮದ್ದು ಮಾಡುತ್ತಾರೆ. ಕಾಡನ್ನು ನುಂಗುತ್ತಿರುವ ಲಂಟಾನವನ್ನೇ ಕಡಿದು ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಕುರ್ಚಿ, ಮೇಜು ಹೆಣೆದಿದ್ದಾರೆ. ಯಾವ ಗಿಡವೂ ಹುಟ್ಟಿನಿಂದ ಕಳೆಯಲ್ಲ. ಮೂಲಂಗಿ ಬೇಕೆಂದವನು ಜೇಕು ಕೀಳಲೇಬೇಕು, ಅನ್ನ ತಿನ್ನುವವನು ಈ ಆಯ್ಕೆಯಿಂದ ತಪ್ಪಿಸಿಕೊಳ್ಳಲಾರ. ಆದರೆ ಕೀಳುವಾಗ ತಾನು ತನ್ನ ಅಗತ್ಯಕ್ಕಾಗಿ ಕೀಳುತ್ತಿದ್ದೇನೆಯೇ ಹೊರತು ಲೋಕದ ಕೆಡುಕನ್ನು ನಾಶ ಮಾಡುತ್ತಿಲ್ಲ ಎಂಬ ಅರಿವಿರಲಿ.

ಈ ಅರಿವು ತಪ್ಪಿದಾಗಲೇ ಕಳೆ ಎಂಬ ಮಾತು ಹಿತ್ತಲಿನಿಂದ ಹೊರಬಿದ್ದು ಭಾಷಣಗಳಿಗೆ ಹೋಗುತ್ತದೆ. ಇಂಥವರು ಸಮಾಜದ ಕಳೆ, ಹೊರಗಿನಿಂದ ಬಂದವರು, ಕಿತ್ತೆಸೆಯಬೇಕು ಎಂದು ಮನುಷ್ಯರ ಕುರಿತು ಮಾತಾಡುವುದನ್ನು ಎಲ್ಲರೂ ಕೇಳಿದ್ದೇವೆ. ಹಿತ್ತಲಲ್ಲಿ ಕೈ ಕೆಸರು ಮಾಡಿಕೊಂಡವನಿಗೆ ಈ ಮಾತಿನ ಪೊಳ್ಳುತನ ಬೇಗ ತಿಳಿಯುತ್ತದೆ. ಹಾಸನದ ಹೆಸರನ್ನು ಮಾರುಕಟ್ಟೆಗೆ ತಲುಪಿಸಿದ ಆಲೂಗಡ್ಡೆ ದಕ್ಷಿಣ ಅಮೆರಿಕದಿಂದ ಬಂದದ್ದು. ನಮ್ಮ ಸಾರಿನ ಮೆಣಸಿನಕಾಯಿ, ಟೊಮೇಟೊ ಕೂಡ ಸಮುದ್ರ ದಾಟಿ ಬಂದವು. ಜೇಕು ಮಾತ್ರ ಮೊದಲಿನಿಂದಲೂ ಇಲ್ಲಿಯದೇ. ಮನುಷ್ಯ ಗಿಡವಲ್ಲ, ಊರು ಯಾರೊಬ್ಬರ ಪಾತಿಯಲ್ಲ. ಕೀಳುವ ಹಂಬಲವಿದ್ದವರಿಗೆ ಅವರವರ ಎದೆಯೇ ಸಾಕಷ್ಟು ದೊಡ್ಡ ಹಿತ್ತಲು. ಅಲ್ಲಿಯ ಗಡ್ಡೆಗಳನ್ನು ಕಿತ್ತು ಇನ್ನೊಬ್ಬರ ಅಂಗಳಕ್ಕೆ ಎಸೆಯದಿದ್ದರೆ ಅದೇ ದೊಡ್ಡ ಉಪಕಾರ.

ಕಳೆದ ಬೇಸಿಗೆಯಲ್ಲಿ ನಮ್ಮ ಗುಂಡಿಯ ಗೊಬ್ಬರ ಹದವಾಯಿತು. ಮೊದಲ ಬುಟ್ಟಿ ಪಕ್ಕದ ಮನೆಗೆಂದು ನಿಶ್ಚಯಿಸಿದ್ದೆ. ಕೊಡುವ ಮೊದಲು ಒಂದು ಕುಂಡದಲ್ಲಿ ಆ ಗೊಬ್ಬರ ತುಂಬಿ, ನೀರು ಹಾಕಿ, ಮೂರು ವಾರ ಕಾದೆ. ಜೇಕಿನ ಒಂದು ಮೊಳಕೆ ಎದ್ದಿತು. ಬುಟ್ಟಿಯನ್ನು ಗುಂಡಿಗೆ ಮರಳಿ ಸುರಿದೆ.

ಆಕೆ ಗೋಡೆಯ ಮೇಲಿಂದ ನೋಡುತ್ತಿದ್ದರು. "ಯಾಕೆ ಮೇಷ್ಟ್ರೇ, ಕೊಡ್ತೀನಿ ಅಂದಿದ್ರಿ?"

"ಇನ್ನೂ ಆಗಿಲ್ಲಮ್ಮ. ಇನ್ನೊಂದು ಬೇಸಿಗೆ ಬೇಕು" ಎಂದೆ.