ಕನಸನ್ನು ಯಾರಿಗೆ ಹೇಳುವುದು?

ತ್ಯಾಮಗೊಂಡ್ಲಿನಂಥ ಊರುಗಳ ಮನೆಗಳಲ್ಲಿ ಸತ್ತವರು ಕನಸಿಗೆ ಬಂದರೆ ಅದು ಒಬ್ಬರ ಒಳಗೇ ಉಳಿಯುವ ಮಾತಲ್ಲ. ‘ರಾತ್ರಿ ನಮ್ಮಪ್ಪ ಬಂದಿದ್ದ ಕಣತ್ತೆ, ಬಾಗಿಲಲ್ಲೇ ನಿಂತ್ಕಂಡು ಏನೋ ಕೇಳ್ದಂಗಾಯ್ತು’ ಎಂದು ಸೊಸೆ ಬೆಳಿಗ್ಗೆ ಅಡುಗೆಮನೆಯಲ್ಲಿ ಹೇಳಿದರೆ ಅತ್ತೆ ನಗುವುದಿಲ್ಲ, ಹೆದರಿಸುವುದೂ ಇಲ್ಲ. ‘ಎಡೆ ಇಟ್ಟು ಎಷ್ಟು ದಿವ್ಸ ಆಯ್ತವ್ವ?’ ಎಂದಷ್ಟೇ ಕೇಳುತ್ತಾಳೆ. ಸಂಜೆಯ ಹೊತ್ತಿಗೆ ಆ ಮನೆಯಲ್ಲಿ, ಇಲ್ಲದವನಿಗೆ ಇಷ್ಟವಾಗಿದ್ದ ಏನೋ ಒಂದು ಬೇಯುತ್ತಿರುತ್ತದೆ.

ಕನಸಿಗೆ ಅರ್ಥ ಹೇಳುವುದೆಂದರೆ ಇದೇ ಇರಬಹುದೆ? ಬಾಗಿಲಲ್ಲಿ ನಿಂತ ತಂದೆ ಏನು ಕೇಳಿದನೆಂಬುದು ಕಂಡವಳಿಗೂ ತಿಳಿಯದು, ಕೇಳಿಸಿಕೊಂಡವಳಿಗೂ ತಿಳಿಯದು. ಆದರೂ ಇಬ್ಬರೂ ಕೂಡಿ ಅದನ್ನು ತಮ್ಮ ಮೇಲಿನ ಒಂದು ಋಣವೆಂದು ಓದಿಕೊಂಡರು. ಅದನ್ನೇ ಕೇಡಿನ ಸೂಚನೆಯೆಂದೋ, ಯಾರೋ ಮಾಡಿಸಿದ ಮಾಟವೆಂದೋ ಓದುವವರು ಪಕ್ಕದ ಮನೆಯಲ್ಲೇ ಇದ್ದಾರು. ಕಂಡ ಚಿತ್ರ ಒಂದೇ ಆದರೂ ಒಬ್ಬರಿಗೆ ಅದು ಅನ್ನ ಬೇಯಿಸುವ ನೆಪವಾಗುತ್ತದೆ, ಇನ್ನೊಬ್ಬರಿಗೆ ನೆರೆಯವರನ್ನು ಅನುಮಾನಿಸುವ ನೆಪವಾಗುತ್ತದೆ.

ಓದುವ ಮುನ್ನ ನೆನಪಿರಬೇಕಲ್ಲ, ಆ ಮಾತೂ ಇದೆ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ಆದರೆ ಆ ನಂಬಿಕೆ ಹುಟ್ಟಿದ್ದು ಸುಮ್ಮನೆ ಅಲ್ಲ ಎನ್ನಿಸುತ್ತದೆ. 1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್, ನಿದ್ದೆಯ ಕೆಲವು ಹೊತ್ತಿನಲ್ಲಿ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರನೆ ಓಡಾಡುವುದನ್ನೂ, ಆಗ ಎಬ್ಬಿಸಿದವರಲ್ಲಿ ಹೆಚ್ಚಿನವರು ಕನಸು ಹೇಳುವುದನ್ನೂ ದಾಖಲಿಸಿದರು. ಸುಮಾರು 90 ನಿಮಿಷಕ್ಕೊಮ್ಮೆ ಮರಳುವ ಈ ಘಟ್ಟ ರಾತ್ರಿ ಕಳೆದಂತೆ ಉದ್ದವಾಗುತ್ತ ಹೋಗಿ, ಕೋಳಿ ಕೂಗುವ ಹೊತ್ತಿಗೆ ಎಲ್ಲಕ್ಕಿಂತ ಉದ್ದವಾಗಿರುತ್ತದೆ. ಅದರ ನಡುವೆ ಎಚ್ಚರವಾದವನಿಗೆ ಕನಸು ಹೆಚ್ಚಾಗಿ ನೆನಪಿನಲ್ಲಿ ದಕ್ಕುತ್ತದೆ. ನೆನಪಿನಲ್ಲಿ ಉಳಿದ ಕನಸು ತಾನೇ ಮುಂದೊಂದು ದಿನ ‘ನಿಜ’ವಾಗಬಲ್ಲದು! ಆದರೆ ದಾಬಸ್‌ಪೇಟೆಯ ಕಾರ್ಖಾನೆಗಳ ಮೊದಲ ಪಾಳಿಗೆ ಓಡುವ ಹುಡುಗರನ್ನು ಮೊಬೈಲಿನ ಅಲಾರಂ ಎಬ್ಬಿಸುವುದೂ ಅದೇ ಹೊತ್ತಿಗೆ. ಚಪ್ಪಲಿ ಹುಡುಕುವಷ್ಟರಲ್ಲಿ ಕಂಡದ್ದೆಲ್ಲ ಕರಗಿರುತ್ತದೆ. ದುಡಿಯುವವರು ಕಳೆದುಕೊಂಡವುಗಳ ಪಟ್ಟಿಯಲ್ಲಿ ಇದನ್ನು ಯಾರೂ ಬರೆದಂತಿಲ್ಲ.

ಬಿಡುವಿದ್ದವರು ಎಚ್ಚರವಾದೊಡನೆ ಮಗ್ಗುಲು ಬದಲಿಸದೆ, ಕಣ್ಣು ತೆರೆಯದೆ, ಕೊನೆಗೆ ಕಂಡದ್ದನ್ನು ಹಿಡಿದು ಹಿಂದಕ್ಕೆ ನಡೆದು, ಸಿಕ್ಕಷ್ಟನ್ನು ಒಡನೆ ಬರೆದಿಟ್ಟರೆ ಕನಸು ಉಳಿಯುತ್ತದೆ. ಕಷ್ಟ ಇರುವುದು ಅಲ್ಲಿಂದಾಚೆಗೆ. ತುಂಡು ತುಂಡಾಗಿ ಸಿಕ್ಕಿದ್ದನ್ನು ತುಂಡಾಗಿಯೇ ಬಿಡಲು ನಮ್ಮ ಎಚ್ಚರದ ಬುದ್ಧಿ ಒಪ್ಪುವುದಿಲ್ಲ. ನಡುವಿನ ಕಂಡಿಗಳನ್ನು ತನಗೆ ಬೇಕಾದ ಮಣ್ಣಿನಿಂದ ಮೆತ್ತುತ್ತದೆ. ಚರಕಸಂಹಿತೆ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸಿ, ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು ಇವುಗಳಿಂದ ಹುಟ್ಟುವ ಮೊದಲ ಐದಕ್ಕೆ ಫಲವೇ ಇಲ್ಲವೆಂದು ವೈದ್ಯನಿಗೆ ಹೇಳುತ್ತದೆ. ಬಯಸಿದ್ದನ್ನೇ ಕಂಡು ಅದನ್ನು ಭವಿಷ್ಯವೆಂದು ತಿಳಿಯುವ ನಮ್ಮ ಚಪಲ ಆ ವೈದ್ಯರಿಗೆ ಚೆನ್ನಾಗಿ ತಿಳಿದಿದ್ದಿರಬೇಕು.

ಈ ಚಪಲಕ್ಕೆ ಅರಸರೂ ಹೊರತಲ್ಲ. ನಮ್ಮದೇ ಜಿಲ್ಲೆಯ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ್ ತನ್ನ ಕನಸುಗಳನ್ನು ಪಾರಸಿಯಲ್ಲಿ, ಸ್ವಂತ ಕೈಬರಹದಲ್ಲಿ, ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದ. ಅದರಲ್ಲಿರುವುದು 37 ಕನಸು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವನ ಅರಮನೆಯಲ್ಲಿ ಅದು ಕರ್ನಲ್ ಕರ್ಕ್‌ಪ್ಯಾಟ್ರಿಕ್‌ನ ಕೈಗೆ ಸಿಕ್ಕಿತು. ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅಂಥದ್ದೊಂದು ಪುಸ್ತಕವಿದೆಯೆಂದು ಆಪ್ತ ಮುನ್ಷಿ ಹಬೀಬುಲ್ಲಾನಿಗೆ ಗೊತ್ತಿತ್ತು, ಆದರೆ ಅವನೂ ಅದನ್ನು ಕಂಡಿರಲಿಲ್ಲ. ಓದುವಾಗಲಾಗಲಿ ಬರೆಯುವಾಗಲಾಗಲಿ ಯಾರಾದರೂ ಹತ್ತಿರ ಬಂದರೆ ಸುಲ್ತಾನ ಅದನ್ನು ಮರೆಮಾಡುತ್ತಿದ್ದನಂತೆ. ಗಿರೀಶ ಕಾರ್ನಾಡರನ್ನು ಟಿಪ್ಪುವಿನ ಮೇಲೆ ನಾಟಕ ಬರೆಯಲು ಎಳೆದದ್ದು ಈ ಪುಸ್ತಕವೇ.

ಕನಸುಗಳಿಗಿಂತ ಅವುಗಳ ಕೆಳಗೆ ಅವನು ಬರೆದುಕೊಂಡ ಅರ್ಥಗಳೇ ನನ್ನನ್ನು ಹೆಚ್ಚು ಕಾಡಿವೆ. ಮರಾಠರ ಮೇಲೆ ರಾತ್ರಿ ದಾಳಿ ಮಾಡುವ ಮುನ್ನ ಅವನ ಕನಸಿಗೆ ಒಬ್ಬ ಚೆಲುವ ಯುವಕ ಬಂದು ಹತ್ತಿರ ಕೂರುತ್ತಾನೆ. ಎದ್ದು ಪೇಟದೊಳಗಿನ ಕೂದಲು ಬಿಚ್ಚಿದಾಗ ಅದು ಗಂಡುಡುಗೆಯ ಹೆಣ್ಣು. ಮರಾಠರು ಗಂಡಸರ ಉಡುಪು ತೊಟ್ಟಿದ್ದರೂ ಹೆಂಗಸರಂತೆ ಸೋಲುತ್ತಾರೆ, ಇದೇ ಅದರ ಅರ್ಥ ಎಂದುಕೊಂಡ ಸುಲ್ತಾನ. ಮೂರು ಬೆಳ್ಳಿ ತಟ್ಟೆಗಳಲ್ಲಿ ತಾಜಾ ಖರ್ಜೂರ ಕಂಡರೆ ಮೂವರು ಶತ್ರುಗಳ ರಾಜ್ಯ ಕೈಸೇರುವ ಸೂಚನೆ. ಸುತ್ತಲೂ ಯುದ್ಧವೇ ಇದ್ದವನನ್ನು ಹೀಗೇಕೆ ಓದಿದೆ ಎಂದು ಕೇಳುವುದು ನಮಗೆ ಸುಲಭ. ಆದರೂ ಆ ಹೆಣ್ಣು ಯಾರು, ಅವಳೊಡನೆ ಸಲಿಗೆಯಿಂದ ಮಾತಾಡಿದ ತನಗೇ ತಾನೇಕೆ ಅಚ್ಚರಿಪಟ್ಟೆ ಎಂದು ಕೇಳಿಕೊಳ್ಳಲು ಬಿಡುವಿರುವ ಒಬ್ಬ ಮನುಷ್ಯ ಆ ಸುಲ್ತಾನನ ಒಳಗೆ ಇರಲಿಲ್ಲವೆ?

ಆದರೆ ಮೌರ್ಯ ಅರಸ ಚಂದ್ರಗುಪ್ತನಿಗೆ ಕನಸು ಹೇಳಿಕೊಳ್ಳಲು ಒಬ್ಬ ಗುರುವಿದ್ದ. ಜೈನ ಪರಂಪರೆ ಹೇಳುವಂತೆ, ಹದಿನಾರು ಕನಸು ಕಂಡ ಆ ಅರಸ ಅರ್ಥವನ್ನು ತಾನೇ ಕಟ್ಟಿಕೊಳ್ಳದೆ ಭದ್ರಬಾಹುವಿನ ಮುಂದಿಟ್ಟ. ಹನ್ನೆರಡು ಹೆಡೆಯ ಸರ್ಪವೆಂದರೆ ಹನ್ನೆರಡು ವರ್ಷದ ಕ್ಷಾಮ ಎಂದು ಆತ ಮುಚ್ಚುಮರೆಯಿಲ್ಲದೆ ಹೇಳಿದ. ರುಚಿಸದ ಅರ್ಥವನ್ನು ಹೇಳಬಲ್ಲವರ ಬಳಿ ಕನಸನ್ನು ಒಯ್ಯುವುದಕ್ಕೆ ಅರಸನಿಗೂ ಧೈರ್ಯ ಬೇಕು. ಶ್ರವಣಬೆಳಗೊಳದ ಚಂದ್ರಗಿರಿ ಆ ಕಥೆಯನ್ನು ಇಂದಿಗೂ ಹೊತ್ತಿದೆ.

ಇನ್ನು ಕಾಣದ ಕನಸನ್ನು ಹೇಳಿದವನ ಗತಿ ಜನ್ನನ ಯಶೋಧರ ಚರಿತೆಯಲ್ಲಿದೆ. 1209ರ ಆ ಕಾವ್ಯದಲ್ಲಿ, ಮಡದಿ ಮಾವಟಿಗನ ಬಳಿಗೆ ಹೋದುದನ್ನು ಕಣ್ಣಾರೆ ಕಂಡ ಅರಸ ಬೆಳಿಗ್ಗೆ ತಾಯಿಗೆ ಅದನ್ನು ಒಂದು ಕೆಟ್ಟ ಕನಸೆಂದು ಮರೆಸಿ ಹೇಳುತ್ತಾನೆ. ನೋವನ್ನು ಬಾಯಿಬಿಟ್ಟು ಹೇಳಲಾರದ ಮಗನ ಸಂಕೋಚ ನಮಗೆ ಅರ್ಥವಾಗುವಂಥದೇ. ಆದರೆ ತಾಯಿ ಅದನ್ನು ನಂಬಿ, ಅನಿಷ್ಟ ಕಳೆಯಲು ದೇವಿಗೆ ಬಲಿ ಕೊಡೆನ್ನುತ್ತಾಳೆ. ಜೀವಬಲಿ ಒಲ್ಲದ ಮಗ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಕತ್ತಿ ಬಿದ್ದೊಡನೆ ಆ ಹಿಟ್ಟಿನ ಕೋಳಿ ಕೂಗುತ್ತದೆ. ಅಲ್ಲಿಂದ ತಾಯಿ ಮಗ ಇಬ್ಬರಿಗೂ ಜನ್ಮಜನ್ಮಾಂತರದ ಅಲೆದಾಟ. ಕೊಲ್ಲುವ ಸಂಕಲ್ಪವೇ ಕೊಲೆ ಎಂಬುದು ಜನ್ನ ಹೇಳಹೊರಟ ಮಾತು ನಿಜ. ಆದರೂ ಆ ಮಗ ಮೊದಲೇ ‘ಅವ್ವಾ, ನಾನು ಕಂಡದ್ದು ಕನಸಲ್ಲ’ ಎಂದಿದ್ದರೆ ಎಂಬ ಪ್ರಶ್ನೆ ಓದಿದಾಗಲೆಲ್ಲ ಏಳುತ್ತದೆ.

ಆದ್ದರಿಂದ ಪಂಚಾಂಗದ ಸ್ವಪ್ನಫಲದ ಪುಟ ತಿರುವುವ ಮುನ್ನ, ಕನಸನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರಿದ್ದಾರೆ ಎಂದೊಮ್ಮೆ ನೋಡಿ. ನಿಮ್ಮ ಮನೆಯ ಮಗು ನಾಳೆ ಬೆಳಿಗ್ಗೆ ಕಣ್ಣುಜ್ಜಿಕೊಳ್ಳುತ್ತ ಕನಸು ಹೇಳಲು ಬಂದರೆ, ಶಾಲೆಯ ವ್ಯಾನಿನ ಗಡಿಬಿಡಿ ಇದ್ದರೂ ಕೊನೆಯವರೆಗೆ ಕೇಳಿಸಿಕೊಳ್ಳಿ. ಅರ್ಥ ಹೇಳಲು ಹೋಗಬೇಡಿ, ‘ಆಮೇಲೆ ಏನಾಯ್ತು?’ ಎಂದು ಕೇಳಿ, ಅಷ್ಟು ಸಾಕು.