ಕಾರಣವಿಲ್ಲದ ಒಂದು ಮೈಲಿ

ನಮ್ಮ ಕಡೆ ಹೆಂಗಸು ಓಡಬೇಕಾದರೆ ಮೂರರಲ್ಲಿ ಒಂದು ಕಾರಣವಾದರೂ ಇರಬೇಕು. ಬಸ್ಸು ಹೊರಟಿರಬೇಕು, ಒಲೆಯ ಮೇಲೆ ಹಾಲು ಉಕ್ಕುತ್ತಿರಬೇಕು, ಇಲ್ಲವೇ ಮಗು ಬಿದ್ದಿರಬೇಕು. ಇವು ಯಾವುದೂ ಇಲ್ಲದೆ ಓಡಿದರೆ ನೋಡಿದವರಿಗೆ ಗಾಬರಿಯಾಗುತ್ತದೆ. ಹೊನ್ನಾಳಿಯ ಮೈದಾನದಲ್ಲಿ ನಾನು ಒಬ್ಬಳೇ ಓಡಿದ ಮೊದಲ ಬೆಳಿಗ್ಗೆ, ಡೈರಿಗೆ ಹಾಲು ಹಾಕಲು ಹೊರಟಿದ್ದ ಅಜ್ಜಿಯೊಬ್ಬಳು ಕ್ಯಾನು ಕೆಳಗಿಟ್ಟು, “ಯಾಕವ್ವಾ ಮೇಡಮ್ಮ, ಏನಾತು? ಬಸ್ ತಪ್ಪೈತೇನು?” ಎಂದು ಕೂಗಿ ಕೇಳಿದಳು. ಅಂದು ಭಾನುವಾರ. “ಏನಿಲ್ಲಜ್ಜಿ, ಸುಮ್ನೆ” ಎಂದೆ. ಆಮೇಲೆ ಬಹಳ ದಿನ ಆ ಮಾತು ನನ್ನ ಬಾಯಿಗೆ ಬರಲಿಲ್ಲ. ಮನೆ ತಲುಪುವಷ್ಟರಲ್ಲಿ ನಾನೊಂದು ಕಾರಣ ಹುಡುಕಿಕೊಂಡಿದ್ದೆ.

ಇದೆಲ್ಲ ಶುರುವಾದದ್ದು ತರಗತಿಯಲ್ಲಿ. ಪಾಠದಲ್ಲಿ ಮೈಲಿ ಎಂಬ ಮಾತು ಬಂತು. “ಮೈಲಿ ಅಂದ್ರೆ ಎಷ್ಟು ಟೀಚರ್?” ಎಂದಳು ಒಬ್ಬ ಹುಡುಗಿ. ೧೬೦೯ ಮೀಟರು ಎಂದು ಹೇಳಿದರೆ ಮಕ್ಕಳಿಗೆ ಏನು ತಿಳಿಯುತ್ತದೆ? ಮೈದಾನಕ್ಕೆ ಕರೆದುಕೊಂಡು ಹೋದೆ. ನಮ್ಮದು ಸುಣ್ಣದ ಪುಡಿಯಲ್ಲಿ ಗೆರೆ ಎಳೆದ ೨೦೦ ಮೀಟರಿನ ಟ್ರ್ಯಾಕು. ಎಂಟು ಸುತ್ತು ಹಾಕಿ ಮೇಲೆ ಒಂಬತ್ತು ಮೀಟರು ಓಡಿದರೆ ಒಂದು ಮೈಲಿ. “ನೀವೂ ಬನ್ನಿ ಟೀಚರ್” ಎಂದು ಮಕ್ಕಳು ಎಳೆದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಓಡಿ, ನಡೆದು, ಮತ್ತೆ ಓಡಿ ಮುಗಿಸಿದೆ. ಕೈಗಡಿಯಾರ ಹಿಡಿದಿದ್ದ ಹುಡುಗಿ ಕರಿಹಲಗೆಯ ಮೂಲೆಯಲ್ಲಿ ‘ಟೀಚರ್ – ೧೨ ನಿಮಿಷ ೪೦ ಸೆಕೆಂಡು’ ಎಂದು ಬರೆದಳು. ಆಗ ನನಗೆ ೪೭ ವರ್ಷ. ಮಕ್ಕಳು ಮರುದಿನವೇ ಮರೆತರು. ನನಗೆ ಮರೆಯಲಾಗಲಿಲ್ಲ. ಇದನ್ನು ಹತ್ತಕ್ಕೆ ಇಳಿಸಬಹುದೇ? ಯಾಕೆ ಇಳಿಸಬೇಕು ಎಂದು ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಇಳಿಸಬೇಕು ಅನ್ನಿಸಿತು, ಅಷ್ಟೇ.

ನಿವೃತ್ತರಾಗಿದ್ದ ದೈಹಿಕ ಶಿಕ್ಷಕರೊಬ್ಬರು ದಾರಿ ತೋರಿಸಿದರು. ದಿನವೂ ಜೋರಾಗಿ ಓಡುವುದು ದಡ್ಡತನ ಎಂದರು. ಹೆಚ್ಚಿನ ದಿನ, ಪಕ್ಕದವರೊಂದಿಗೆ ಮಾತಾಡಿಕೊಂಡು ಹೋಗುವಷ್ಟು ನಿಧಾನವಾಗಿ ಓಡಬೇಕು. ವಾರದಲ್ಲಿ ಒಂದು ದಿನ ಮಾತ್ರ ೨೦೦ ಮೀಟರು ಜೋರು, ೨೦೦ ಮೀಟರು ನಡಿಗೆ, ಹೀಗೆ ಆರು ಸಲ. ಎರಡು ದಿನ ಕುರ್ಚಿಯಿಂದ ಎದ್ದು ಕೂರುವ, ಮೆಟ್ಟಿಲು ಹತ್ತುವ ಕಸರತ್ತು. ನಲವತ್ತು ದಾಟಿದ ಮೇಲೆ ಸ್ನಾಯು ತಾನಾಗಿ ಕರಗುತ್ತದೆ, ಮುಟ್ಟು ನಿಂತ ಮೇಲೆ ಮೂಳೆಯ ಗಟ್ಟಿತನವೂ ಇಳಿಯುತ್ತದೆ. ಭಾರ ಹೊತ್ತು ಕೆಲಸ ಮಾಡಿಸಿದರೆ ಎರಡೂ ಸ್ವಲ್ಪ ತಡೆದು ನಿಲ್ಲುತ್ತವೆ. ಮೈ ಉಸಿರನ್ನು ಬಳಸಿಕೊಳ್ಳುವ ಶಕ್ತಿಯೂ ಹತ್ತು ವರ್ಷಕ್ಕೆ ಹೆಚ್ಚುಕಡಿಮೆ ನೂರಕ್ಕೆ ಹತ್ತರಂತೆ ಕುಗ್ಗುತ್ತದಂತೆ. ಓಡುವವರಲ್ಲಿ ಕುಗ್ಗುವುದು ಕಡಿಮೆ. ಇಪ್ಪತ್ತರ ಹುಡುಗಿಗೆ ಒಂದು ರಾತ್ರಿಯಲ್ಲಿ ಹೋಗುವ ದಣಿವು ನಮಗೆ ಎರಡು ದಿನ ಬೇಡುತ್ತದೆ. ಆದ್ದರಿಂದ ವಿಶ್ರಾಂತಿಯೂ ಅಭ್ಯಾಸದ ಭಾಗವೇ.

ಇಷ್ಟಾದರೂ ಎರಡನೆಯ ಸುತ್ತಿಗೇ ನನಗೆ ಏದುಸಿರು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಒಂಬತ್ತೂವರೆ. ಹೆಂಗಸರಿಗೆ ಹನ್ನೆರಡಾದರೂ ಇರಬೇಕು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ೧೫ರಿಂದ ೪೯ರ ವಯಸ್ಸಿನ ಭಾರತದ ಹೆಂಗಸರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆ. ನಾವು ಸುಸ್ತನ್ನು ಸ್ವಭಾವ ಎಂದುಕೊಂಡು ಬದುಕುತ್ತೇವೆ. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಹೆರಿಗೆಯಾದ ಹೆಂಗಸರಿಗೆ ಓಡುವಾಗ, ಕೆಮ್ಮುವಾಗ ಮೂತ್ರ ಜಿನುಗುವುದುಂಟು. ನನಗೂ ಆಯಿತು. ನಾಚಿಕೆಯಿಂದ ತಿಂಗಳುಗಟ್ಟಲೆ ಸುಮ್ಮನಿದ್ದೆ. ಕೊನೆಗೆ ಲೇಡಿ ಡಾಕ್ಟರು ಕೆಳಗಿನ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಒಂದು ಸಣ್ಣ ವ್ಯಾಯಾಮ ಹೇಳಿಕೊಟ್ಟರು. ದಿನಾ ಮಾಡಿ ಮೂರು ತಿಂಗಳಲ್ಲಿ ಬಹುಮಟ್ಟಿಗೆ ಸರಿಹೋಯಿತು. ಒಂದು ವರ್ಷದಲ್ಲಿ ನನ್ನ ಮೈಲಿ ೧೦ ನಿಮಿಷ ೫ ಸೆಕೆಂಡಿಗೆ ಬಂತು, ಮರುವರ್ಷ ೯ ನಿಮಿಷ ೩೧ಕ್ಕೆ.

ಈಗ ಆ ಕಾರಣದ ವಿಷಯ. ಮೊದಲ ದಿನವೇ ಅತ್ತೆ ಕೇಳಿದ್ದರು, “ಇಷ್ಟು ಹೊತ್ತಿಗೆ ಎಲ್ಲಿಗೆ ಹೋಗಿದ್ದೆ?” ನಾನು ಯೋಚಿಸದೆ ಹೇಳಿದೆ: “ಶುಗರ್ ಬಾರ್ಡರಿನಲ್ಲಿದೆಯಂತೆ ಅತ್ತೆ, ಡಾಕ್ಟರು ಓಡಲು ಹೇಳಿದ್ದಾರೆ.” ಡಾಕ್ಟರು ಅಂಥದ್ದೇನೂ ಹೇಳಿರಲಿಲ್ಲ. ಆದರೆ ಆ ಮಾತಿನ ಮಹಿಮೆ ನೋಡಿ. ಮನೆಯಲ್ಲಿ ಯಾರೂ ಮತ್ತೆ ಪ್ರಶ್ನೆ ಕೇಳಲಿಲ್ಲ. “ಪಾಪ, ಓಡದೆ ಏನು ಮಾಡುತ್ತಾಳೆ” ಎಂದರು ನೆರೆಯವರು. ಕಾಯಿಲೆ ಇದ್ದರೆ ಹೆಂಗಸಿನ ಮೇಲೆ ಮರುಕ ಹುಟ್ಟುತ್ತದೆ. ಆಸೆ ಇದ್ದರೆ ಅನುಮಾನ ಹುಟ್ಟುತ್ತದೆ.

ಯಾರಿಗೂ ತೊಂದರೆಯಿಲ್ಲದ ಸಣ್ಣ ಸುಳ್ಳು ಎಂದುಕೊಂಡಿದ್ದೆ. ಆಗ ನಮ್ಮ ಶಾಲೆಯ ಕಿರಿಯ ಸಹೋದ್ಯೋಗಿಯೊಬ್ಬಳು ತಾನೂ ಬರುತ್ತೇನೆ ಎಂದಳು. ಚನ್ನಗಿರಿ ಕಡೆಯಿಂದ ಮದುವೆಯಾಗಿ ಬಂದವಳು, ವಯಸ್ಸು ೪೧. ಹೈಸ್ಕೂಲಿನಲ್ಲಿ ಓಟಕ್ಕೆ ಬಹುಮಾನ ತೆಗೆದುಕೊಂಡಿದ್ದಳಂತೆ. ಸೋಮವಾರ ಬರುತ್ತೇನೆ ಎಂದವಳು ಬರಲಿಲ್ಲ. ಸ್ಟಾಫ್ ರೂಮಿನಲ್ಲಿ ನೋಟ್‌ಬುಕ್ಕು ಜೋಡಿಸುತ್ತಾ ನಗುನಗುತ್ತಲೇ ಹೇಳಿದಳು: “ಮನೇಲಿ ಕೇಳಿದೆ ಮೇಡಂ. ‘ಅವರಿಗೆ ಶುಗರ್ ಇದೆ, ಓಡುತ್ತಾರೆ. ನಿನಗೇನು ಬಂದಿದೆ?’ ಅಂದರು.”

ನಗು ಬರಲಿಲ್ಲ ನನಗೆ. ನನ್ನ ಸುಳ್ಳು ನನಗೆ ಬಾಗಿಲು ತೆರೆದು ಅವಳ ಮುಖಕ್ಕೆ ಮುಚ್ಚಿತ್ತು. ಕಾಯಿಲೆಯ ಚೀಟಿ ಇದ್ದವರು ಮಾತ್ರ ಓಡಬಹುದು ಎಂಬ ಕಾನೂನನ್ನು ಮಾಡಿದವರು ಯಾರೋ ಇರಬಹುದು, ಅದಕ್ಕೆ ಸಹಿ ಹಾಕಿದವಳು ನಾನೇ.

ಹೆಂಗಸು ಹೊಸ್ತಿಲು ದಾಟಲು ಎಷ್ಟು ದೊಡ್ಡ ಕಾರಣ ಬೇಕು? ಅಕ್ಕಮಹಾದೇವಿಯ ಉಡುತಡಿ ಇಲ್ಲೇ ಶಿಕಾರಿಪುರ ತಾಲ್ಲೂಕಿನಲ್ಲಿದೆ, ಹೊನ್ನಾಳಿಗೆ ದೂರವೇನಲ್ಲ. ಅಕ್ಕ ಮನೆ ಬಿಟ್ಟಳು, ಕಲ್ಯಾಣಕ್ಕೆ ನಡೆದಳು, ಶ್ರೀಶೈಲಕ್ಕೆ ಹೋದಳು. ಅವಳಿಗೆ ಚೆನ್ನಮಲ್ಲಿಕಾರ್ಜುನನಿದ್ದ. ದೇವರಿಗಾಗಿ ಬಿಟ್ಟು ಹೋದವಳನ್ನು ಲೋಕ, ತಡವಾಗಿಯಾದರೂ, ಕೈಮುಗಿದು ಒಪ್ಪಿಕೊಂಡಿತು. ನೌಕರಿಗೆ ಹೋದರೆ ಒಪ್ಪುತ್ತದೆ, ಆಸ್ಪತ್ರೆಗೆ ಹೋದರೂ ಒಪ್ಪುತ್ತದೆ. ನಾವು ಶರಣೆಯರಲ್ಲ. ಅರ್ಧ ಗಂಟೆಯಲ್ಲಿ ಅಡುಗೆಮನೆಗೆ ವಾಪಸು ಬರುವವರು. ದೇವರಿಗಿಂತ ಚಿಕ್ಕ ಕಾರಣಕ್ಕೆ, ಅಥವಾ ಕಾರಣವೇ ಇಲ್ಲದೆ, ಅಷ್ಟು ಹೊತ್ತು ಹೊರಗಿರುವುದು ತಪ್ಪೇ?

ಈ ಪ್ರಶ್ನೆ ನಮ್ಮೂರಿನದು ಮಾತ್ರವಲ್ಲ. ೧೯೨೮ರ ಆಂಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಹೆಂಗಸರು ೮೦೦ ಮೀಟರು ಓಡಿ ದಣಿದದ್ದನ್ನು ಪತ್ರಿಕೆಗಳು ದೊಡ್ಡ ಅನಾಹುತದಂತೆ ಬರೆದವು. ಆಮೇಲೆ ೧೯೬೦ರವರೆಗೆ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ೨೦೦ ಮೀಟರಿಗಿಂತ ಉದ್ದದ ಓಟವೇ ಇರಲಿಲ್ಲ. ಗಂಡಸರು ಓಡಿ ದಣಿದು ಬಿದ್ದರೆ ಅದು ಶೌರ್ಯ. ೧೯೫೪ರ ಮೇ ೬ರಂದು ರೋಜರ್ ಬ್ಯಾನಿಸ್ಟರ್ ನಾಲ್ಕು ನಿಮಿಷದೊಳಗೆ ಮೈಲಿ ಓಡಿದ್ದು ನಮ್ಮ ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿದೆ. ಅದೇ ತಿಂಗಳ ೨೯ರಂದು ಡಯಾನ್ ಲೆದರ್ ಎಂಬ ಇಂಗ್ಲಿಷ್ ಹೆಣ್ಣುಮಗಳು ೪ ನಿಮಿಷ ೫೯.೬ ಸೆಕೆಂಡಿನಲ್ಲಿ ಓಡಿ, ಐದು ನಿಮಿಷದೊಳಗೆ ಮೈಲಿ ಮುಗಿಸಿದ ಮೊದಲ ಮಹಿಳೆಯಾದದ್ದು ಆ ಪುಸ್ತಕಗಳಲ್ಲಿ ಇಲ್ಲ. ಹೆಂಗಸರ ಮೈಲಿಯನ್ನು ಅಂದು ವಿಶ್ವದಾಖಲೆಯೆಂದು ಬರೆದುಕೊಳ್ಳುವ ಪದ್ಧತಿಯೇ ಇರಲಿಲ್ಲ. ಆದರೂ ಅವಳು ಓಡಿದಳು. ಕೀನ್ಯಾದ ಫೇತ್ ಕಿಪ್ಯೆಗಾನ್ ಒಂದು ಮಗುವಿನ ತಾಯಿ. ೨೦೨೩ರಲ್ಲಿ ಮೊನಾಕೋದಲ್ಲಿ ೪ ನಿಮಿಷ ೭.೬೪ ಸೆಕೆಂಡಿಗೆ ಓಡಿ ದಾಖಲೆ ಮಾಡಿದಳು. ನಮ್ಮ ಪಂಜಾಬಿನ ಮಾನ್ ಕೌರ್ ಓಡಲು ಶುರುಮಾಡಿದ್ದೇ ೯೩ರಲ್ಲಿ. ೨೦೧೭ರಲ್ಲಿ ಆಕ್ಲೆಂಡಿನ ಹಿರಿಯರ ಕ್ರೀಡಾಕೂಟದಲ್ಲಿ ೧೦೦ ಮೀಟರು ಓಡಿ ಚಿನ್ನ ಗೆದ್ದಾಗ ಆಕೆಗೆ ೧೦೧. ಆ ಅಜ್ಜಿಯ ಓಟದಿಂದ ಯಾರಿಗೆ ಏನು ಲಾಭವಾಯಿತು? ಯಾರಿಗೂ ಇಲ್ಲ. ಆದರೂ ಆ ಸುದ್ದಿ ಓದಿದ ದಿನ ನಾನು ನೆಟ್ಟಗೆ ಕೂತಿದ್ದೆ.

ಇಷ್ಟು ವಾದಿಸಿದರೂ ಜಗಳೂರು ನನ್ನನ್ನು ಬಿಡುವುದಿಲ್ಲ. ಆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಏಳು ವರ್ಷ ಕೆಲಸ ಮಾಡಿದ್ದೇನೆ. ಬರದ ವರ್ಷಗಳಲ್ಲಿ ಹೆಂಗಸರು ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ಒಂದು ಮೈಲಿ ನಡೆಯುತ್ತಿದ್ದರು. ಅವರ ಮೈಲಿಯನ್ನು ಯಾರೂ ಗಡಿಯಾರ ಹಿಡಿದು ಅಳೆಯಲಿಲ್ಲ. ನೀರಿಗಾಗಿ ನಡೆಯುವವರ ನಾಡಿನಲ್ಲಿ ಸುಮ್ಮನೆ ಓಡುವುದು ಹೊಟ್ಟೆ ತುಂಬಿದವಳ ಆಟವಲ್ಲವೇ? ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ನಾನು ಓಡದಿದ್ದರೆ ಅವರ ಕೊಡ ಹಗುರವಾಗುವುದಿಲ್ಲ ಎಂಬುದು ನಿಜ. ಆದರೆ ನಾನು ಓಡುವುದರಿಂದ ಯಾರ ಕೊಡವಾದರೂ ಭಾರವಾಗುತ್ತಿದೆಯೇ ಎಂದು ನೋಡಿಕೊಳ್ಳಬೇಕಾದದ್ದೂ ಅಷ್ಟೇ ನಿಜ.

ನೋಡಿಕೊಂಡೆ. ನಾನು ಮೈದಾನಕ್ಕೆ ಹೋದ ದಿನ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದವರು ೭೪ ವರ್ಷದ ಅತ್ತೆ. ಎರಡು ವರ್ಷ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಬಂದ ಕೂಡಲೇ ಬಿಸಿ ರೊಟ್ಟಿ ತಿಂದು ಶಾಲೆಗೆ ಓಡುತ್ತಿದ್ದೆ. ಸುಳ್ಳು ಹೇಳಿ ಪಡೆದ ಬಿಡುವಿನ ಬೆಲೆಯನ್ನು ಬೇರೊಬ್ಬ ಹೆಂಗಸು, ಅದೂ ಮುದುಕಿ, ಕಟ್ಟುತ್ತಿದ್ದಳು.

ಅಂದು ಸಂಜೆ ಅತ್ತೆಯ ಮುಂದೆ ಕೂತು ಹೇಳಿದೆ. “ನನಗೆ ಶುಗರ್ ಇಲ್ಲ ಅತ್ತೆ. ಯಾವತ್ತೂ ಇರಲಿಲ್ಲ. ಓಡಬೇಕು ಅನ್ನಿಸುತ್ತೆ, ಅದಕ್ಕೇ ಓಡುತ್ತೇನೆ.”

ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಂಗಾದ್ರೆ ಹಬ್ಬದಾಗೆ ನಿನಗೊಬ್ಬಳಿಗೆ ಬೆಲ್ಲ ಹಾಕದ ಪಾಯಸ ತೆಗೆದಿಟ್ಟಿದ್ದು ದಂಡ ಆತು” ಎಂದರು. ನಾನು ನಗಬೇಕೆಂದುಕೊಳ್ಳುವಷ್ಟರಲ್ಲಿ ದನಿ ಇಳಿಸಿ, “ನಿನ್ನ ಶುಗರ್ ಹೋಗಲಿ ಅಂತ ತೀರ್ಥರಾಮೇಶ್ವರನಿಗೆ ಹರಕೆ ಹೊತ್ತಿದ್ದೆ ಕಣವ್ವಾ” ಎಂದರು. ಅತ್ತೆಯ ತವರು ನ್ಯಾಮತಿ ಕಡೆ. ಬೆಳಗುತ್ತಿ ಬಳಿಯ ಆ ಬೆಟ್ಟದ ದೇವರೆಂದರೆ ಅವರಿಗೆ ಪ್ರಾಣ. ಇಲ್ಲದ ಕಾಯಿಲೆಗಾಗಿ ಒಂದು ಜೀವ ಎರಡು ವರ್ಷ ಚಿಂತೆ ಮಾಡಿತ್ತು. ಅಷ್ಟು ನಾಚಿಕೆ ನನಗೆ ಬದುಕಿನಲ್ಲಿ ಆಗಿರಲಿಲ್ಲ.

ಹರಕೆ ಹೊತ್ತ ಮೇಲೆ ತೀರಿಸಲೇಬೇಕೆಂದು ಅತ್ತೆ ಹಟ ಹಿಡಿದರು. ಹೋಗಿ ತೀರಿಸಿ ಬಂದೆವು. ಈಗ ಮಂಗಳವಾರ ಮತ್ತು ಶುಕ್ರವಾರ ನಮ್ಮ ಮನೆಯಲ್ಲಿ ಬೆಳಗಿನ ತಿಂಡಿ ನನ್ನ ಯಜಮಾನರದ್ದು. ಉಪ್ಪಿಟ್ಟಿನಲ್ಲಿ ಆಗಾಗ ಗಂಟು ಉಳಿಯುತ್ತದೆ. ಯಾರೂ ಸತ್ತಿಲ್ಲ.

ಸಹೋದ್ಯೋಗಿಯ ಮನೆಗೂ ಹೋಗಿ, ನನಗೆ ಯಾವ ಕಾಯಿಲೆಯೂ ಇಲ್ಲವೆಂದು ಹೇಳಿ ಬಂದೆ. ಟೀ ಕೊಟ್ಟರು, ಉತ್ತರ ಕೊಡಲಿಲ್ಲ. ಎರಡು ತಿಂಗಳ ನಂತರ ಒಂದು ಭಾನುವಾರ ಅವಳು ಚೂಡಿದಾರ ಹಾಕಿಕೊಂಡು ಬಂದು ಎರಡು ಸುತ್ತು ಓಡಿ ಹೋದಳು. ಈಗಲೂ ಕೆಲವು ವಾರ ಬರುತ್ತಾಳೆ, ಕೆಲವು ವಾರ ಬರುವುದಿಲ್ಲ. ನಾನು ಕೇಳುವುದಿಲ್ಲ.

ನನಗೀಗ ೫೩. ಒಂದು ವರ್ಷದಿಂದ ೯ ನಿಮಿಷ ೧೨ ಸೆಕೆಂಡಿನಲ್ಲೇ ನಿಂತಿದ್ದೇನೆ. ಒಂಬತ್ತರೊಳಗೆ ಬರುತ್ತೇನೋ, ಇಲ್ಲಿಂದ ಮುಂದೆ ಏರುತ್ತಲೇ ಹೋಗುತ್ತೇನೋ ಗೊತ್ತಿಲ್ಲ. ಬಂದರೂ ಲೋಕಕ್ಕೆ ಉಪಯೋಗವಿಲ್ಲ. ತನಗಾಗಿ ಒಂದಿಷ್ಟು ಹೊತ್ತು ಇಟ್ಟುಕೊಳ್ಳುವುದು ಸ್ವಾರ್ಥವೇ ಎಂದು ಯಾರಾದರೂ ಕೇಳಿದರೆ, ಹೌದು, ಸ್ವಲ್ಪ ಸ್ವಾರ್ಥವೇ ಎನ್ನುತ್ತೇನೆ. ಅದನ್ನು ಬಾಯಿಬಿಟ್ಟು ಹೇಳಿ, ಅದರ ಬೆಲೆಯನ್ನು ಇನ್ನೊಬ್ಬಳ ತಲೆಗೆ ಹೊರಿಸದಿದ್ದರೆ ಸಾಕು ಎಂಬಲ್ಲಿಗೆ ನಾನು ಬಂದಿದ್ದೇನೆ.

ಹಾಲಿನ ಅಜ್ಜಿ ಈಗಲೂ ಒಮ್ಮೊಮ್ಮೆ ಕ್ಯಾನು ಇಳಿಸಿ ನಿಲ್ಲುತ್ತಾಳೆ. “ಇವತ್ತೂ ಸುಮ್ನೇ ಏನವ್ವಾ?” ಎನ್ನುತ್ತಾಳೆ.

“ಸುಮ್ನೇ ಅಜ್ಜಿ” ಎನ್ನುತ್ತೇನೆ.