ಮೂಕಜೀವದ ಒಪ್ಪಿಗೆ: ಚಿತ್ರೀಕರಣದ ಅಂಗಳದಲ್ಲಿ ಶ್ರಾವಕನ ಅಹಿಂಸಾಣುವ್ರತ

ಅಹಿಂಸೆಯು ಜೈನಧರ್ಮದ ಪ್ರಾಣವೆಂಬುದು ಸರ್ವವಿದಿತ. ನೀರನ್ನು ಸೋಸಿ ಕುಡಿಯುವ, ನೆಲವನ್ನು ನೋಡಿ ಹೆಜ್ಜೆಯಿಡುವ, ಸೂರ್ಯಾಸ್ತದೊಳಗೆ ಭೋಜನ ಮುಗಿಸುವ ಶ್ರಾವಕ-ಶ್ರಾವಿಕೆಯರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಕಾಲ ಬದಲಾದಂತೆ ಹಳೆಯ ವ್ರತಕ್ಕೆ ಹೊಸ ಪರೀಕ್ಷೆಗಳು ಒದಗುತ್ತವೆ. ಮನೆಯಲ್ಲಿ ಪ್ರೀತಿಯಿಂದ ಸಾಕಿದ ನಾಯಿಯನ್ನೋ ಬೆಕ್ಕನ್ನೋ ಹಸುವನ್ನೋ ಚಲನಚಿತ್ರದ ಅಥವಾ ಜಾಹೀರಾತಿನ ಚಿತ್ರೀಕರಣಕ್ಕೆ ಕೊಡಬಹುದೇ? ಕೊಡುವುದಾದರೆ ಆ ಜೀವವನ್ನೂ ತನ್ನನ್ನೂ ಹೇಗೆ ಸಿದ್ಧಗೊಳಿಸಬೇಕು? ಇದು ಅಂಥದೊಂದು ಪರೀಕ್ಷೆ.

ಕೊಡಂಗಲ್-ತಾಂಡೂರು ಸೀಮೆಗೆ ಈ ಪ್ರಶ್ನೆ ದೂರದ್ದಲ್ಲ. 1956ರವರೆಗೆ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದ ಈ ಎರಡು ತಾಲ್ಲೂಕುಗಳು ರಾಜ್ಯ ಪುನರ್ವಿಂಗಡಣೆಯಲ್ಲಿ ಆಂಧ್ರಪ್ರದೇಶಕ್ಕೆ ಸೇರಿ, 2014ರಿಂದ ತೆಲಂಗಾಣದಲ್ಲಿವೆ. ಇವುಗಳ ಪೂರ್ವಕ್ಕೆ ಹೈದರಾಬಾದಿನ ಚಿತ್ರೋದ್ಯಮವಿದೆ. ಅಲ್ಲಿನ ರಾಮೋಜಿ ಫಿಲ್ಮ್ ಸಿಟಿ 1996ರಿಂದ ನಡೆಯುತ್ತಿದೆ. ಪಶ್ಚಿಮಕ್ಕೆ ಸೇಡಂ ದಾಟಿದರೆ ಕಾಗಿಣಾ ನದಿಯ ದಡದಲ್ಲಿ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಭಗವಾನ್ ನೇಮಿನಾಥರ ಪ್ರಾಚೀನ ಬಸದಿ. ಕ್ಯಾಮೆರಾದ ನಗರಕ್ಕೂ ನೇಮಿನಾಥರ ಸನ್ನಿಧಿಗೂ ನಡುವೆ ಬದುಕುವ ಈ ಸೀಮೆಯ ಜೈನ ಕುಟುಂಬಗಳು ಮನೆಯಲ್ಲಿ ಯಾವ ಭಾಷೆಯನ್ನೇ ಆಡಲಿ, ಬಸದಿಯಲ್ಲಿ ಒಂದೇ ಧರ್ಮವನ್ನು ಕೇಳುತ್ತವೆ. ಯಾವ ಭಾಷೆಯನ್ನೂ ಆಡದ ಜೀವದ ಮಾತನ್ನು ಕೇಳುವುದು ಹೇಗೆಂಬುದನ್ನೂ ಆ ಧರ್ಮವೇ ಕಲಿಸಿದೆ.

ರಥ ತಿರುಗಿಸಿದ ದೊರೆಮಗ

ದಿಗಂಬರ, ಶ್ವೇತಾಂಬರ ಪರಂಪರೆಗಳೆರಡೂ ಸ್ಮರಿಸುವ ನೇಮಿನಾಥರ ಕಥೆ ಇಲ್ಲಿ ದಾರಿದೀಪವಾಗಿದೆ. ರಾಜಮತಿಯನ್ನು ವರಿಸಲು ಹೊರಟ ದಿಬ್ಬಣದ ದಾರಿಯಲ್ಲಿ ಔತಣಕ್ಕೆಂದು ಕೂಡಿಹಾಕಿದ್ದ ಪ್ರಾಣಿಗಳ ಆರ್ತನಾದ ಅವರ ಕಿವಿಗೆ ಬಿದ್ದಿತು. ದಿಬ್ಬಣದಲ್ಲಿದ್ದ ಎಲ್ಲರಿಗೂ ಅದು ಕೇಳಿಸಿರಲೇಬೇಕು. ಅವರಿಗೆ ಅದು ಗದ್ದಲವಾಗಿತ್ತು, ನೇಮಿಕುಮಾರನಿಗೆ ಮಾತಾಗಿತ್ತು. ಲೋಕಾಚಾರ ಒಪ್ಪಿದೆಯೇ, ರಾಜಾಜ್ಞೆ ಇದೆಯೇ ಎಂದು ಆತ ವಿಚಾರಿಸಲಿಲ್ಲ. ರಥವನ್ನು ತಿರುಗಿಸಿ ಗಿರ್ನಾರದ ಕಡೆಗೆ ನಡೆದನು. ಆ ಕರುಣೆಗಾಗಿ ಆತ ಮದುವೆಯನ್ನೂ ರಾಜವೈಭವವನ್ನೂ ಬಿಟ್ಟುಕೊಟ್ಟನೆಂಬುದು ಇಲ್ಲಿ ಗಮನಾರ್ಹ. ಏನನ್ನೂ ಬಿಟ್ಟುಕೊಡಲೊಪ್ಪದ ಕರುಣೆ ಬರಿಯ ಮರುಕವಾಗಿ ಉಳಿಯುತ್ತದೆ.

ನಮ್ಮ ಪುರಾಣಗಳಲ್ಲಿ ನಾಯಿಗೂ ಗೌರವದ ಸ್ಥಾನವಿದೆ. ಸಾಯುತ್ತಿದ್ದ ನಾಯಿಯೊಂದರ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರ ಮಂತ್ರವನ್ನು ಉಸುರಲು ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿತೆಂಬ ಕಥೆಯನ್ನು ವಾದೀಭಸಿಂಹನು ಸಂಸ್ಕೃತದಲ್ಲಿ ಹೇಳಿದ್ದಾನೆ. ಭಾಸ್ಕರ ಕವಿ 1424ರಲ್ಲಿ ಜೀವಂಧರನ ಚರಿತೆಯನ್ನು ಕನ್ನಡಕ್ಕೆ ತಂದಿದ್ದಾನೆ. ಶಾಸ್ತ್ರದ ದೃಷ್ಟಿಯಲ್ಲಿ ನಾಯಿಯು ಸಂಜ್ಞಿ ಪಂಚೇಂದ್ರಿಯ ಜೀವಿ: ಐದು ಇಂದ್ರಿಯಗಳ ಜೊತೆಗೆ ಮನಸ್ಸೂ ಉಳ್ಳದ್ದು. ಮನಸ್ಸಿರುವುದರಿಂದಲೇ ಅದು ಶಿಕ್ಷಣವನ್ನು ಗ್ರಹಿಸಬಲ್ಲದು. ಅದೇ ಕಾರಣಕ್ಕೆ ಭಯವನ್ನೂ ಅವಮಾನವನ್ನೂ ಅನುಭವಿಸಬಲ್ಲದು.

ಚರಿತ್ರೆಯು ಮತ್ತೊಂದು ಪಾಠವನ್ನು ಕಲಿಸುತ್ತದೆ. ಮಾನ್ಯಖೇಟದ ಮೂರನೆಯ ಕೃಷ್ಣನ ಕಾಲಕ್ಕೆ, ಅಂದರೆ ಸುಮಾರು 950ಕ್ಕೆ ಸೇರಿದ ಆತಕೂರು ಶಾಸನವು ಕಾಳಿ ಎಂಬ ಬೇಟೆನಾಯಿಯನ್ನು ನೆನೆಯುತ್ತದೆ. ಗಂಗರ ಬೂತುಗನಿಂದ ಮಣಲೇರನು ಬಹುಮಾನವಾಗಿ ಬೇಡಿ ಪಡೆದ ಆ ನಾಯಿಯನ್ನು ಕಾಡುಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಹೋರಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಲಾಯಿತು, ಭೂದಾನ ನೀಡಲಾಯಿತು. ಒಡೆಯನ ಪ್ರೀತಿಯಲ್ಲಿ ಸಂದೇಹವಿಲ್ಲ. ಆದರೆ ಹಂದಿಯ ಮೇಲೆ ಅದನ್ನು ಬಿಟ್ಟವರೂ ಮನುಷ್ಯರೇ. ಪ್ರೀತಿಯಿದ್ದ ಮಾತ್ರಕ್ಕೆ ಹಿಂಸೆ ತಪ್ಪುವುದಿಲ್ಲ. ಸತ್ತ ಮೇಲೆ ಸಲ್ಲುವ ಗೌರವ ಬದುಕಿದ್ದಾಗ ಸಲ್ಲಬೇಕಾದ ರಕ್ಷಣೆಗೆ ಸಮವಾಗುವುದಿಲ್ಲ.

ಐದು ಅತಿಚಾರಗಳು, ಐದು ಸಿದ್ಧತೆಗಳು

ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳನ್ನು ಆಚಾರ್ಯರು ಹೇಳಿದ್ದಾರೆ. ಇವು ಮುಖ್ಯವಾಗಿ ಮನೆಯ ಪ್ರಾಣಿಗಳನ್ನೂ ಆಳುಗಳನ್ನೂ ನೆನೆದು ಹೇಳಿದವು. ಚಿತ್ರೀಕರಣಕ್ಕೆ ಪ್ರಾಣಿಯನ್ನು ಒಯ್ಯುವವನಿಗೆ ಇವುಗಳಿಗಿಂತ ಉತ್ತಮವಾದ ಕೈಪಿಡಿ ಬೇರೊಂದಿಲ್ಲ.

ಬಂಧವೆಂದರೆ ಕಟ್ಟಿಹಾಕುವುದು. ಚಿತ್ರೀಕರಣದಲ್ಲಿ ಅಭಿನಯದ ಸಮಯ ಕಡಿಮೆ, ಕಾಯುವ ಸಮಯ ಹೆಚ್ಚು. ಆದ್ದರಿಂದ ನಾಯಿಯು ತನ್ನದೇ ಚಾಪೆಯ ಮೇಲೆ, ಬಾಗಿಲು ತೆರೆದ ಪೆಟ್ಟಿಗೆಯಲ್ಲಿ ನೆಮ್ಮದಿಯಿಂದ ಮಲಗುವುದನ್ನು ವಾರಗಳ ಮೊದಲೇ ಮನೆಯಲ್ಲಿ ರೂಢಿಸಬೇಕು. ಒಡೆಯನು ಅದರ ಕಣ್ಣಿಗೆ ಕಾಣುವಲ್ಲಿಯೇ ಇರಬೇಕು.

ವಧವೆಂದರೆ ಇಲ್ಲಿ ಹೊಡೆಯುವುದು. ಹೊಡೆದು ಕಲಿಸಿದ ವಿದ್ಯೆ ಭಯದ ವಿದ್ಯೆ. ಶಬ್ದಗ್ರಹಣ ನಡೆಯುವಲ್ಲಿ ಬಾಯಿಮಾತಿನ ಆಜ್ಞೆ ಸಾಧ್ಯವಿಲ್ಲವಾದ್ದರಿಂದ ಕೈಸನ್ನೆಗಳನ್ನು ತಿನಿಸು ಮತ್ತು ಮೆಚ್ಚುಗೆಯಿಂದ ನಿಧಾನವಾಗಿ ಕಲಿಸಬೇಕು. ಫಲಕದ ಬಡಿತ, ಜನರೇಟರಿನ ಸದ್ದು, ಅಪರಿಚಿತರ ಗುಂಪು ಇವನ್ನು ಮೊದಲು ದೂರದಿಂದ, ಕ್ರಮೇಣ ಹತ್ತಿರದಿಂದ ಪರಿಚಯಿಸಬೇಕು.

ಛೇದವೆಂದರೆ ಅಂಗವನ್ನು ಕತ್ತರಿಸುವುದು. ಚೆಲುವಿಗಾಗಿ ಕಿವಿ, ಬಾಲ ಕತ್ತರಿಸುವುದು ನೇರವಾಗಿ ಇದಕ್ಕೆ ಸೇರುತ್ತದೆ. ಪಾತ್ರಕ್ಕೆಂದು ಮೈಗೆ ರಾಸಾಯನಿಕ ಬಣ್ಣ ಬಳಿಯುವುದು, ಉಸಿರು ಕಟ್ಟುವ ಉಡುಪು ತೊಡಿಸುವುದು ಇವೂ ಅದರ ನೆರೆಯವೇ.

ಅತಿಭಾರವೆಂದರೆ ಶಕ್ತಿ ಮೀರಿದ ಹೊರೆ. ಬೆನ್ನ ಮೇಲಿನ ಮೂಟೆ ಮಾತ್ರವೇ ಹೊರೆಯಲ್ಲ. ಇಪ್ಪತ್ತನೆಯ ಬಾರಿ ಅದೇ ಓಟವನ್ನು ಓಡುವುದೂ ಹೊರೆ. ವೈಶಾಖದ ಬಿಸಿಲಿನಲ್ಲಿ ತಾಂಡೂರಿನ ಕಲ್ಲುಹಾಸು ಹೇಗೆ ಕಾಯುತ್ತದೆಂಬುದು ಇಲ್ಲಿಯವರಿಗೆ ಗೊತ್ತು. ಅಂಗೈಯ ಹಿಂಬದಿಯನ್ನು ಕೆಲವು ಕ್ಷಣ ಇಟ್ಟು ಸಹಿಸಲಾಗದ ನೆಲದ ಮೇಲೆ ನಾಯಿಯನ್ನು ನಿಲ್ಲಿಸಲಾಗದು.

ಐದನೆಯದಾದ ಅನ್ನಪಾನನಿರೋಧವು ಅತ್ಯಂತ ಸೂಕ್ಷ್ಮ. ಹಸಿದ ಪ್ರಾಣಿ ತಿನಿಸಿನ ಆಸೆಗೆ ಚುರುಕಾಗಿ ಕೆಲಸ ಮಾಡುತ್ತದೆಂದು ಬೆಳಗಿನ ಆಹಾರ ತಪ್ಪಿಸುವವರಿದ್ದಾರೆ. ನೋಡುವವರ ಕಣ್ಣಿಗೆ ಅದು ಉತ್ಸಾಹವಾಗಿ ಕಾಣುತ್ತದೆ, ಶಾಸ್ತ್ರದ ಕಣ್ಣಿಗೆ ಅತಿಚಾರವಾಗಿ ಕಾಣುತ್ತದೆ. ಹೊತ್ತಿಗೆ ಸರಿಯಾಗಿ ಆಹಾರ, ಮನೆಯಿಂದಲೇ ತಂದ ಶುದ್ಧ ನೀರು, ನೆರಳು ಇವನ್ನು ಪ್ರತಿಫಲವೆಂದಲ್ಲ, ಹಕ್ಕೆಂದು ಕೊಡಬೇಕು.

ಕಾನೂನು ಎಲ್ಲಿ ನಿಲ್ಲುತ್ತದೆ

ಲೋಕವೂ ಈ ವಿಷಯದಲ್ಲಿ ನಿಧಾನವಾಗಿ ಎಚ್ಚೆತ್ತಿದೆ. ಅಮೆರಿಕದಲ್ಲಿ 1939ರ ಜೆಸ್ಸೀ ಜೇಮ್ಸ್ ಚಿತ್ರಕ್ಕಾಗಿ ಕುದುರೆಯೊಂದನ್ನು ಬಂಡೆಯಿಂದ ನೀರಿಗೆ ಬೀಳಿಸಿ ಕೊಂದುದರ ವಿರುದ್ಧ ಜನ ಸಿಡಿದೆದ್ದ ಮೇಲೆ, 1940ರಿಂದ ಹಾಲಿವುಡ್ಡಿನಲ್ಲಿ ಪ್ರಾಣಿದಯಾ ಸಂಸ್ಥೆಯ ಮೇಲ್ವಿಚಾರಣೆ ಆರಂಭವಾಯಿತು. ಭಾರತದಲ್ಲಿ 1960ರ ಪ್ರಾಣಿಹಿಂಸಾ ನಿವಾರಣಾ ಕಾಯ್ದೆಯ ಅಡಿಯಲ್ಲಿ ಪ್ರದರ್ಶಕ ಪ್ರಾಣಿಗಳ ನೋಂದಣಿ ನಿಯಮಗಳು 2001ರಲ್ಲಿ ಬಂದವು. ಚಿತ್ರೀಕರಣಕ್ಕೆ ಮೊದಲು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ ತಿಳಿಸಬೇಕು, ಪಶುವೈದ್ಯರ ಯೋಗ್ಯತಾಪತ್ರ ಇರಬೇಕು. ರೋಗಗ್ರಸ್ತ, ಗಾಯಗೊಂಡ ಅಥವಾ ಗರ್ಭಿಣಿಯಾದ ಪ್ರಾಣಿಯನ್ನು ಬಳಸುವಂತಿಲ್ಲ; ಮತ್ತುಬರಿಸುವ ಮದ್ದು ಕೊಡುವಂತಿಲ್ಲ; ಬೆಂಕಿಯ ಹತ್ತಿರ ತಂದು ಹೆದರಿಸುವಂತಿಲ್ಲ; ವಿಶ್ರಾಂತಿಯಿಲ್ಲದೆ ಮತ್ತೆ ಮತ್ತೆ ಚಿತ್ರೀಕರಿಸುವಂತಿಲ್ಲ; ಕೃತಕ ಬೆಳಕು 500 ಲಕ್ಸ್ ಮೀರಬಾರದು. ಪ್ರಾಣಿಯ ಸಹಜ ಪ್ರವೃತ್ತಿಗೆ ಹೊಂದುವ ಕೆಲಸವನ್ನಷ್ಟೇ ಕಲಿಸಬೇಕು.

ನಿಯಮಗಳಿದ್ದರೂ 2021ರಲ್ಲಿ ಹೈದರಾಬಾದಿನ ಸಮೀಪ ದೊಡ್ಡ ಐತಿಹಾಸಿಕ ಚಿತ್ರವೊಂದರ ಚಿತ್ರೀಕರಣದಲ್ಲಿ ಕುದುರೆಯೊಂದು ಸತ್ತು, ಪೊಲೀಸರಲ್ಲಿ ಪ್ರಕರಣ ದಾಖಲಾಯಿತು. ಕಾನೂನು ಮಾಡಬಾರದ್ದನ್ನು ಹೇಳಬಲ್ಲದು. ಒಂದು ನಿರ್ದಿಷ್ಟ ನಾಯಿಗೆ ಈ ಹೊತ್ತಿನಲ್ಲಿ ಸಾಕಾಗಿದೆಯೆಂದು ಅರಿಯುವ ಕಣ್ಣು ಕಾನೂನಿಗಿಲ್ಲ. ಆ ಕಣ್ಣು ಇರಬೇಕಾದುದು ಸಾಕಿದವನಿಗೆ.

ತನ್ನ ಸಿದ್ಧತೆ

ನಾಯಿಯ ಸಿದ್ಧತೆ ಕೆಲವು ತಿಂಗಳುಗಳದು. ಒಡೆಯನ ಸಿದ್ಧತೆ ಅದಕ್ಕಿಂತ ಕಠಿಣ. ಅವನು ಮೊದಲು ಅದರ ಭಾಷೆಯನ್ನು ಕಲಿಯಬೇಕು. ದಣಿವಿಲ್ಲದೆ ಆಕಳಿಸುವುದು, ಬಾಯಿ ನೆಕ್ಕಿಕೊಳ್ಳುವುದು, ಮುಖ ತಿರುಗಿಸುವುದು, ಕಿವಿ ಹಿಂದಕ್ಕೆ ಒತ್ತುವುದು, ಬಾಲ ಮಡಚುವುದು, ಇಷ್ಟದ ತಿನಿಸನ್ನೂ ಒಲ್ಲೆನೆನ್ನುವುದು: ಇವು ಅದರ ‘ಬೇಡ’ಗಳು. ಔತಣದ ಪ್ರಾಣಿಗಳಂತೆ ಅದು ಕೂಗದಿರಬಹುದು. ಒಡೆಯನ ಮೇಲಿನ ಪ್ರೀತಿಯಿಂದ ಸುಮ್ಮನೆ ಸಹಿಸುತ್ತಿರಬಹುದು. ಆ ಪ್ರೀತಿಯೇ ಅದರ ಮೇಲಿನ ಅತಿ ದೊಡ್ಡ ಹಗ್ಗ.

ನಾಯಿಗೂ ಆಟವೆಂದರೆ ಸಂತೋಷವಲ್ಲವೇ ಎಂದು ಕೆಲವರು ಕೇಳುವುದುಂಟು. ನಿಜ, ಅನೇಕ ನಾಯಿಗಳಿಗೆ ಕಲಿಯುವುದೂ ಆಡುವುದೂ ಪ್ರಿಯ. ಹಗ್ಗ ಬಿಚ್ಚಿ ಬಿಟ್ಟಾಗ ತಾನಾಗಿ ಮರಳಿ ಬಂದು ನಿಲ್ಲುವ ನಾಯಿ ಒಪ್ಪಿದೆಯೆಂದು ತಿಳಿಯಬಹುದು. ಎತ್ತು ತೊಗರಿಯ ಹೊಲದಲ್ಲಿ ದುಡಿಯುವುದಿಲ್ಲವೇ ಎಂಬ ಮತ್ತೊಂದು ಪ್ರಶ್ನೆಯೂ ಇದೆ. ಜೀವನೋಪಾಯದಲ್ಲಿ ಅನಿವಾರ್ಯವಾಗಿ ಒದಗುವ ಹಿಂಸೆಯನ್ನು ಶಾಸ್ತ್ರವು ಉದ್ಯೋಗಿ ಹಿಂಸೆಯೆಂದು ಬೇರೆಯಾಗಿ ಎಣಿಸಿದೆ. ಮನರಂಜನೆಗೆ ಆ ಅನಿವಾರ್ಯತೆ ಇಲ್ಲ. 2012ರ ಲೈಫ್ ಆಫ್ ಪೈ ಚಿತ್ರದ ಬಹುಪಾಲು ದೃಶ್ಯಗಳಲ್ಲಿ ಹುಲಿ ಗಣಕಯಂತ್ರದಿಂದಲೇ ಮೂಡಿತು. ಆದ್ದರಿಂದ ಇಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು.

ಕಥೆಯನ್ನೂ ಪ್ರಾಣಿಯಿಂದ ನಿರೀಕ್ಷಿಸುವ ಪ್ರತಿ ಕೆಲಸವನ್ನೂ ಮೊದಲೇ ಕೇಳಿ ತಿಳಿಯಬೇಕು. ಕೆಲಸದ ಅವಧಿ, ವಿಶ್ರಾಂತಿ, ವೈದ್ಯರ ವ್ಯವಸ್ಥೆ, ಯಾವ ಕ್ಷಣದಲ್ಲಾದರೂ ನಿಲ್ಲಿಸುವ ಅಧಿಕಾರ ಇವು ಬರವಣಿಗೆಯಲ್ಲಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪಡೆದ ಮುಂಗಡವನ್ನು ಹಿಂದಿರುಗಿಸಲು ಮನಸ್ಸು ಸಿದ್ಧವಿರಬೇಕು. ನೂರು ಜನ ಕೆಲಸಗಾರರು ಕಾಯುತ್ತಿರುವಾಗ, ದೀಪಗಳು ಉರಿಯುತ್ತಿರುವಾಗ, ನಿರ್ದೇಶಕರು ಇನ್ನೊಂದೇ ಸಲ ಎನ್ನುವಾಗ, ‘ಇವತ್ತಿಗೆ ಸಾಕು’ ಎನ್ನಬಲ್ಲವನಿಗೆ ಮಾತ್ರ ತನ್ನ ನಾಯಿಯನ್ನು ಅಲ್ಲಿಗೆ ಒಯ್ಯುವ ಅರ್ಹತೆ. ಗೃಹಸ್ಥನ ಪಾಲಿಗೆ ರಥ ತಿರುಗಿಸುವುದೆಂದರೆ ಇದೇ.

ನೋಡುವವರ ಪಾಲು

ಕೃತ, ಕಾರಿತ, ಅನುಮೋದನ ಎಂದು ಕರ್ಮಕ್ಕೆ ಮೂರು ದಾರಿಗಳು. ಮಾಡಿಸಿದವನಂತೆ ಮೆಚ್ಚಿದವನೂ ಭಾಗಿ. ಕೆ. ಕಿರಣ್‌ರಾಜ್ ನಿರ್ದೇಶನದ 777 ಚಾರ್ಲಿ 2022ರ ಜೂನ್‌ನಲ್ಲಿ ಕನ್ನಡವಲ್ಲದೆ ತೆಲುಗು, ತಮಿಳು, ಮಲಯಾಳಂ, ಹಿಂದಿಗಳಲ್ಲಿಯೂ ತೆರೆಕಂಡು, ಶ್ರೇಷ್ಠ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಲಾಭಕ್ಕಾಗಿ ನಾಯಿಗಳನ್ನು ಹುಟ್ಟಿಸುವ ಕ್ರೌರ್ಯವೇ ಅದರ ಕಥಾವಸ್ತುವಿನ ಒಂದು ಭಾಗ. ಪ್ರಾಣಿಯ ಅಭಿನಯವು ಪ್ರಾಣಿಗಳ ಪರವಾಗಿಯೂ ಮಾತನಾಡಬಲ್ಲದೆಂಬುದಕ್ಕೆ ಅದು ನಿದರ್ಶನ. ಆದರೆ ಚಿತ್ರದಲ್ಲಿ ಕಂಡ ತಳಿಗೆ ಬೇಡಿಕೆ ಹೆಚ್ಚುತ್ತದೆಂದೂ ಆ ಪ್ರಭಾವ ಹತ್ತು ವರ್ಷಗಳವರೆಗೆ ಉಳಿಯಬಲ್ಲದೆಂದೂ ಅಮೆರಿಕದ ದಾಖಲೆಗಳನ್ನು ಆಧರಿಸಿ 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ತೆರೆಯ ಮೇಲಿನ ನಾಯಿಗೆ ಕಣ್ಣೀರಿಟ್ಟು, ಮರುದಿನ ಅದೇ ತಳಿಯ ಮರಿಯನ್ನು ಅಂಗಡಿಯಲ್ಲಿ ಕೊಂಡು, ಬೇಸರವಾದಾಗ ಬೀದಿಗೆ ಬಿಡುವುದು ಪ್ರೇಕ್ಷಕನ ಪಾಲಿನ ಹಿಂಸೆ.

ಪರ್ವಾಂತ್ಯದ ಕ್ಷಮಾಪಣೆಯ ದಿನ ಪ್ರತಿಯೊಬ್ಬ ಜೈನನೂ ಸಮಸ್ತ ಜೀವಿಗಳಲ್ಲಿ ಕ್ಷಮೆ ಬೇಡುತ್ತಾನೆ. ನೆರೆಯವರು ಆ ಮಾತನ್ನು ಕೇಳಿ ಪ್ರತಿಯಾಗಿ ಕೈಮುಗಿಯುತ್ತಾರೆ. ಮನೆಯ ನಾಯಿಗೆ ಆ ಮಾತು ತಿಳಿಯದು. ಅದು ಕ್ಷಮಿಸಿತೋ ಇಲ್ಲವೋ ಎಂದು ಹೇಳಲೂ ಅರಿಯದು. ಆದ್ದರಿಂದ ಮಾತು ಬಾರದ ಜೀವದ ವಿಷಯದಲ್ಲಿ ಕ್ಷಮೆ ಬೇಡುವಂಥ ಸಂದರ್ಭವೇ ಒದಗದಂತೆ ನಡೆಯುವುದು ಶ್ರಾವಕಧರ್ಮ. ಜಿನೇಂದ್ರನ ಅನುಗ್ರಹದಿಂದ ಸರ್ವ ಜೀವಿಗಳಿಗೂ ಅಭಯವಾಗಲಿ.